ಮೆದುಳಿನ ಕ್ಯಾನ್ಸರ್: ಸ್ವಭಾವವೂ ಬದಲಾಗಬಹುದೆಂದು ಸಂಗಾತಿಗೆ ಮೊದಲೇ ತಿಳಿಸಿ

ಸಂಪಾದಕರಿಗೆ,

ಮಾನ್ಯರೇ,

ಕ್ಯಾನ್ಸರ್ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಹೊಸ ಔಷಧ, ಹೊಸ ಯಂತ್ರ ಅಥವಾ ರೋಗವನ್ನು ಗೆದ್ದವರ ಕಥೆಯ ಸುತ್ತ ಇರುತ್ತವೆ. ಅವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮೆದುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಈಗಲೂ ಪುನಶ್ಚೇತನದ ಹಾದಿಯಲ್ಲಿರುವ ಪತ್ನಿಯ ಜೊತೆಗಿರುವ ನನಗೆ, ಈ ಬರಹಗಳಲ್ಲಾಗಲಿ ವೈದ್ಯರ ಕೊಠಡಿಯಲ್ಲಾಗಲಿ ಸಾಕಷ್ಟು ಚರ್ಚೆಗೆ ಬಾರದ ಒಂದು ಸಂಗತಿಯನ್ನು ನಿಮ್ಮ ಓದುಗರ ಮುಂದಿಡಬೇಕೆನಿಸಿದೆ. ಬೇರೆ ಅಂಗಗಳ ಕ್ಯಾನ್ಸರ್‌ನಲ್ಲಿ ರೋಗಿಗಳು ತಮ್ಮ ತೊಂದರೆಯನ್ನು ತಾವೇ ಗಮನಿಸಿ, ತಾವೇ ವೈದ್ಯರಿಗೆ ವಿವರಿಸಬಲ್ಲರು. ಮೆದುಳಿನ ಕ್ಯಾನ್ಸರ್‌ನಲ್ಲಿ ಗಮನಿಸುವ, ನೆನಪಿಡುವ, ವಿವರಿಸುವ ಅಂಗಕ್ಕೇ ಪೆಟ್ಟು ಬಿದ್ದಿರುತ್ತದೆ. ಆದ್ದರಿಂದ ಆ ಕೆಲಸದ ದೊಡ್ಡ ಪಾಲು ಮನೆಯಲ್ಲಿರುವ ಸಂಗಾತಿಯ ಮೇಲೆ ಬೀಳುತ್ತದೆ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಮಾತ್ರ ಅವರಿಗೆ ಯಾರೂ ಕೊಟ್ಟಿರುವುದಿಲ್ಲ.

ಮನೆಗೆ ಕಳುಹಿಸುವಾಗ ಆಸ್ಪತ್ರೆ ಕೊಡುವ ಕಾಗದದಲ್ಲಿ ಹೊಲಿಗೆ ಬಿಚ್ಚಿಸುವ ದಿನ, ಮಾತ್ರೆಗಳ ಪಟ್ಟಿ, ಮುಂದಿನ ಎಂಆರ್‌ಐ ತಾರೀಕು ಇರುತ್ತವೆ. ಮನೆಗೆ ಬರುವ ವ್ಯಕ್ತಿ ಹೋದ ವ್ಯಕ್ತಿಯಂತೆಯೇ ಮಾತನಾಡದಿರಬಹುದು, ಸಿಡುಕಬಹುದು, ಏನನ್ನೂ ಶುರುಮಾಡದೆ ಕೂರಬಹುದು, ತಮಗೇನೂ ಆಗಿಲ್ಲವೆಂದು ಪ್ರಾಮಾಣಿಕವಾಗಿಯೇ ವಾದಿಸಬಹುದು ಎಂಬ ಮಾತು ಆ ಕಾಗದದಲ್ಲಿ ಇರುವುದು ಅಪರೂಪ. ಶಸ್ತ್ರಚಿಕಿತ್ಸೆಗೆ ಸಹಿ ಪಡೆಯುವ ಹಂತದಲ್ಲೇ, ಅದು ಆಗದಿದ್ದರೆ ಮನೆಗೆ ಹೊರಡುವ ಮೊದಲಾದರೂ, ಸಂಗಾತಿಯನ್ನು ಬೇರೆಯಾಗಿ ಕೂರಿಸಿಕೊಂಡು ಇದನ್ನು ಬಿಡಿಸಿ ಹೇಳುವುದು ಚಿಕಿತ್ಸೆಯ ಭಾಗವಾಗಬೇಕು. ಪುನಶ್ಚೇತನವೂ ಚಿಕಿತ್ಸೆಯೆಲ್ಲ ಮುಗಿದ ಮೇಲೆ ನೋಡೋಣವೆನ್ನುವ ವಿಷಯವಾಗದೆ ಅದರ ಜೊತೆಯಲ್ಲೇ ಆರಂಭವಾಗಬೇಕು. ಈ ಪತ್ರದ ಒತ್ತಾಯ ಇಷ್ಟೇ.

ಕಾಯಿಲೆಯ ಬಗ್ಗೆ ಕೆಲವು ಮಾತು ಅಗತ್ಯ. ಮೆದುಳಿನಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಶ್ವಾಸಕೋಶ, ಸ್ತನ ಮೊದಲಾದ ಕಡೆಗಳಿಂದ ಹರಡಿ ಬಂದವು. ಮೆದುಳಿನಲ್ಲೇ ಹುಟ್ಟುವವು ಅದಕ್ಕಿಂತ ಕಡಿಮೆ. ಮೆದುಳಿನಲ್ಲೇ ಹುಟ್ಟುವ, ನರಕೋಶಗಳಿಗೆ ಆಸರೆಯಾದ ಕೋಶಗಳ ಗೆಡ್ಡೆಗಳಾದ ಗ್ಲಿಯೋಮಾಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣವು ಸೂಕ್ಷ್ಮದರ್ಶಕದಲ್ಲಿ ಕಾಣುವ ರೂಪದ ಜೊತೆಗೆ ಐಡಿಎಚ್ ಎಂಬ ಜೀನಿನ ಬದಲಾವಣೆಯಂತಹ ಗುರುತುಗಳಿಂದಲೂ ವಿಂಗಡಿಸುತ್ತದೆ. 1ರಿಂದ 4ರವರೆಗಿನ ದರ್ಜೆಗಳಲ್ಲಿ ಗ್ಲಿಯೊಬ್ಲಾಸ್ಟೊಮಾ 4ನೆಯದು, ಅತಿ ವೇಗವಾಗಿ ಬೆಳೆಯುವಂಥದ್ದು. ತಲೆಬುರುಡೆ ಹಿಗ್ಗಲಾರದ ಪೆಟ್ಟಿಗೆಯಾದ ಕಾರಣ, ನಿಧಾನವಾಗಿ ಬೆಳೆಯುವ ಗೆಡ್ಡೆಯೂ ಸುತ್ತಲಿನ ಭಾಗವನ್ನು ಒತ್ತಿ ತೊಂದರೆ ಕೊಡುತ್ತದೆ. ಮಾತು, ಚಲನೆಗಳನ್ನು ಉಳಿಸಿಕೊಂಡು ಎಷ್ಟು ಸಾಧ್ಯವೋ ಅಷ್ಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಉಳಿದದ್ದಕ್ಕೆ ವಿಕಿರಣ ಮತ್ತು ಕೀಮೊ ಕೊಡುವುದು ಸಾಮಾನ್ಯ ಕ್ರಮ. ಗ್ಲಿಯೊಬ್ಲಾಸ್ಟೊಮಾಕ್ಕೆ ಇಂದಿಗೂ ಆಧಾರವಾಗಿರುವ ಕ್ರಮ 2005ರಲ್ಲಿ ಪ್ರಕಟವಾದ ಪ್ರಯೋಗದಿಂದ ಬಂದದ್ದು: ಆರು ವಾರಗಳಲ್ಲಿ 30 ಬಾರಿಯಾಗಿ ಒಟ್ಟು 60 ಗ್ರೇ (ವಿಕಿರಣದ ಅಳತೆ) ವಿಕಿರಣ, ಆ ಅವಧಿಯಲ್ಲಿ ಪ್ರತಿದಿನ ಟೆಮೊಜೊಲೊಮೈಡ್ ಎಂಬ ಕೀಮೊ ಔಷಧದ ಕ್ಯಾಪ್ಸೂಲ್, ಸ್ವಲ್ಪ ವಿರಾಮದ ನಂತರ ಪ್ರತಿ 28 ದಿನಗಳಲ್ಲಿ 5 ದಿನದಂತೆ ಆರು ಸುತ್ತು. ವಿಕಿರಣ ಮಾತ್ರ ಪಡೆದವರಲ್ಲಿ ಬದುಕಿನ ಮಧ್ಯಾಂಕ 12.1 ತಿಂಗಳಿದ್ದದ್ದು ಇದರಿಂದ 14.6 ತಿಂಗಳಾಯಿತು, ಎರಡು ವರ್ಷ ದಾಟಿದವರ ಪ್ರಮಾಣ ಶೇ 10.4ರಿಂದ ಶೇ 26.5ಕ್ಕೆ ಏರಿತು. ಮಧ್ಯಾಂಕವೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರೆಂದೇ ಅರ್ಥ, ಅದು ಯಾರೊಬ್ಬರ ಗಡುವೂ ಅಲ್ಲ. ಐಡಿಎಚ್ ಬದಲಾವಣೆಯಿರುವ ಗೆಡ್ಡೆಗಳಲ್ಲಂತೂ ಹಲವಾರು ವರ್ಷ, ಕೆಲವರಲ್ಲಿ ದಶಕಕ್ಕೂ ಮೀರಿ, ಬದುಕು ಸಾಗುತ್ತದೆ. ಅಂದರೆ ಚಿಕಿತ್ಸೆಯ ತಿಂಗಳುಗಳ ಆಚೆಗೂ ದೀರ್ಘವಾದ ದಿನನಿತ್ಯವೊಂದಿದೆ. ಅದು ಹೇಗಿರಬೇಕೆಂಬ ಯೋಚನೆಗೆ ನಮ್ಮಲ್ಲಿ ಜಾಗ ಕಡಿಮೆ.

ಗೆಡ್ಡೆ ಎಲ್ಲಿದೆ ಎಂಬುದರ ಮೇಲೆ ಬದಲಾವಣೆ ನಿಂತಿದೆ. ಮೆದುಳಿನ ಎಡ ಮುಂಭಾಗಕ್ಕೂ ಮಾತಿಗೂ ಇರುವ ನಂಟನ್ನು ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲೇ ತೋರಿಸಿಕೊಟ್ಟಿದ್ದರು. ಆ ಭಾಗಕ್ಕೆ ಪೆಟ್ಟಾದವರಿಗೆ ಹೇಳಬೇಕಾದದ್ದು ತಿಳಿದಿದ್ದರೂ ಪದ ಹೊರಡುವುದಿಲ್ಲ. ಬಲಗಡೆಯ ಪಾರ್ಶ್ವಭಾಗಕ್ಕೆ ಪೆಟ್ಟಾದರೆ ಎಡಬದಿಯ ಜಗತ್ತೇ ಗಮನದಿಂದ ಜಾರಿಹೋಗಬಹುದು: ತಟ್ಟೆಯ ಎಡ ಅರ್ಧ ಹಾಗೆಯೇ ಉಳಿಯುತ್ತದೆ, ಎಡತೋಳು ಅಂಗಿಯೊಳಗೆ ಹೋಗುವುದಿಲ್ಲ, ಎಡಭುಜ ಬಾಗಿಲಿಗೆ ಬಡಿಯುತ್ತದೆ, ಆದರೆ ಕಣ್ಣಿನ ಪರೀಕ್ಷೆಯಲ್ಲಿ ದೋಷವೇನೂ ಕಾಣದಿರಬಹುದು. ಕಿವಿಯ ಬದಿಯಲ್ಲಿರುವ ಮೆದುಳಿನ ಒಳಭಾಗ ಕೆಟ್ಟರೆ ಹಳೆಯದು ನೆನಪಿದ್ದು ಬೆಳಿಗ್ಗೆ ನಡೆದದ್ದು ಮರೆಯುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಹಣೆಯ ಹಿಂದಿನ ಭಾಗದ ತೊಂದರೆ. ಅಲ್ಲಿ ಕೈಕಾಲಿಗೆ ಬಲವಿರುತ್ತದೆ, ಮಾತೂ ಇರುತ್ತದೆ. ಕಡಿಮೆಯಾಗುವುದು ಮುನ್ನುಗ್ಗುವ ಮನಸ್ಸು, ತಡೆದುಕೊಳ್ಳುವ ಶಕ್ತಿ, ಇನ್ನೊಬ್ಬರ ಭಾವನೆಯನ್ನು ಗ್ರಹಿಸುವ ಸೂಕ್ಷ್ಮ. ಹೊರಗಿನಿಂದ ಬಂದು ಹೋಗುವವರಿಗೆ ಇದು ಕಾಣುವುದೇ ಇಲ್ಲ. ಹತ್ತು ನಿಮಿಷದ ಭೇಟಿಯಲ್ಲಿ ವೈದ್ಯರಿಗೂ ಎಷ್ಟೋ ಬಾರಿ ಕಾಣುವುದಿಲ್ಲ, ಏಕೆಂದರೆ ಆ ಹತ್ತು ನಿಮಿಷ ರೋಗಿ ಚೆನ್ನಾಗಿಯೇ ಉತ್ತರ ಕೊಡುತ್ತಾರೆ.

ನನ್ನ ಪತ್ನಿಯ ಗೆಡ್ಡೆ ಇದ್ದದ್ದು ಎಡ ಮುಂಭಾಗದಲ್ಲಿ. ಶಸ್ತ್ರಚಿಕಿತ್ಸೆಯ ಗಾಯ ಚೆನ್ನಾಗಿ ಮಾಯಿತು, ಸ್ಕ್ಯಾನ್ ವರದಿ ತೃಪ್ತಿಕರವಾಗಿತ್ತು, ಎಲ್ಲರೂ ಅಭಿನಂದಿಸಿದರು. ಆದರೆ ಮನೆಯ ಲೆಕ್ಕ, ಮಕ್ಕಳ ಓದು, ಬಂಧುಗಳ ಯೋಗಕ್ಷೇಮ ಎಲ್ಲವನ್ನೂ ಹೇಳಿಸಿಕೊಳ್ಳದೆ ನಡೆಸುತ್ತಿದ್ದ ಆಕೆ ಕುರ್ಚಿಯಲ್ಲಿ ಕುಳಿತರೆ ಯಾರಾದರೂ ಎಬ್ಬಿಸುವವರೆಗೆ ಏಳುತ್ತಿರಲಿಲ್ಲ. ಕೇಳಿದರೆ, ಮಾಡುತ್ತೇನೆ ಎನ್ನುತ್ತಿದ್ದಳು. ಸುಳ್ಳಲ್ಲ, ಮಾಡುವ ಇಚ್ಛೆ ನಿಜವಾಗಿಯೇ ಇತ್ತು. ಬಂಧುಗಳಲ್ಲಿ ಕೆಲವರು ಇದನ್ನು ಖಿನ್ನತೆ ಎಂದರು, ಕೆಲವರು ಗಂಡ ಎಲ್ಲವನ್ನೂ ಮಾಡಿಕೊಡುವುದರಿಂದ ಬಂದ ಆಲಸ್ಯವೆಂದರು. ಕೊನೆಗೆ ನರಮನಶ್ಶಾಸ್ತ್ರಜ್ಞೆಯೊಬ್ಬರು ಪರೀಕ್ಷಿಸಿ, ಇಚ್ಛೆಗೂ ಕ್ರಿಯೆಯ ಆರಂಭಕ್ಕೂ ನಡುವಿನ ಕೊಂಡಿಗೆ ಪೆಟ್ಟಾಗಿದೆ, ಇದು ಖಿನ್ನತೆಯಿಂದ ಬೇರೆ, ಖಿನ್ನತೆಯ ಮಾತ್ರೆಯಿಂದ ಹೋಗುವಂಥದ್ದಲ್ಲ ಎಂದು ತಿಳಿಸಿದರು. ಅವರು ಹೇಳಿಕೊಟ್ಟ ಉಪಾಯ ಸರಳವಾಗಿತ್ತು: ಇಡೀ ಕೆಲಸವನ್ನು ಹೇಳಬೇಡಿ, ಮೊದಲ ಹೆಜ್ಜೆಯನ್ನಷ್ಟೇ ಜೊತೆಯಲ್ಲಿ ಆರಂಭಿಸಿಕೊಡಿ, ಏನು ಬೇಕು ಎಂದು ಕೇಳುವ ಬದಲು ಇದು ಬೇಕೋ ಅದು ಬೇಕೋ ಎಂದು ಕೇಳಿ, ದಿನದ ಕ್ರಮವನ್ನು ಗೋಡೆಯ ಮೇಲೆ ಬರೆದಿಡಿ, ಒಂದೇ ಹೊತ್ತಿಗೆ ಒಂದೇ ಕೆಲಸ. ಕೆಲವೇ ವಾರಗಳಲ್ಲಿ ಮನೆಯ ವಾತಾವರಣ ತಿಳಿಯಾಯಿತು. ಆಕೆಯ ಮೆದುಳು ಅಷ್ಟರಲ್ಲಿ ಸರಿಹೋಯಿತೆಂದಲ್ಲ, ನಡವಳಿಕೆಗೆ ಕಾರಣ ಏನೆಂದು ಮನೆಯವರಿಗೆಲ್ಲ ತಿಳಿಯಿತು. ಇಷ್ಟು ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಿರಲಿಲ್ಲ. ಗೆಡ್ಡೆಯ ಜಾಗ ಮೊದಲ ದಿನದ ಚಿತ್ರದಲ್ಲೇ ಕಾಣುತ್ತಿತ್ತು.

ರೋಗಿಗೆ ತನ್ನ ಕೊರತೆಯ ಅರಿವೇ ಇಲ್ಲದಿರುವ ಸ್ಥಿತಿಯನ್ನು ಪ್ರತ್ಯೇಕವಾಗಿ ಹೇಳಬೇಕು. ಮನೆಯವರು ಇದನ್ನು ಹಟವೆಂದೋ ಸತ್ಯವನ್ನು ಒಪ್ಪಿಕೊಳ್ಳಲಾರದ ದೌರ್ಬಲ್ಯವೆಂದೋ ಭಾವಿಸುತ್ತಾರೆ. ಕೆಲವರಲ್ಲಿ ಅದೂ ಇರಬಹುದು, ಆದರೆ ಎಷ್ಟೋ ಜನರಲ್ಲಿ ತನ್ನನ್ನು ತಾನು ಗಮನಿಸಿಕೊಳ್ಳುವ ಸಾಮರ್ಥ್ಯವೇ ಕುಂದಿರುತ್ತದೆ. ಅಂಥವರ ಮುಂದೆ ಪುರಾವೆಗಳನ್ನು ಹರಡಿ ವಾದಿಸಿದರೆ ಜಗಳವಾಗುತ್ತದೆಯೇ ಹೊರತು ಅರಿವು ಮೂಡುವುದಿಲ್ಲ. ವಾಹನ ಚಾಲನೆಯ ವಿಷಯದಲ್ಲಿ ಇದು ತೀರ ಕಠಿಣವಾಗುತ್ತದೆ. ಫಿಟ್ಸ್ ಬಂದವರು, ದೃಷ್ಟಿಯ ಒಂದು ಬದಿಯನ್ನು ಕಳೆದುಕೊಂಡವರು ವೈದ್ಯರ ಅನುಮತಿಯಿಲ್ಲದೆ ವಾಹನ ಓಡಿಸುವಂತಿಲ್ಲ; ಆ ಮಾತನ್ನು ಹೇಳುವ ಹೊಣೆಯನ್ನು ಸಂಗಾತಿಗೆ ಬಿಡದೆ ವೈದ್ಯರೇ ರೋಗಿಯ ಎದುರು ಸ್ಪಷ್ಟವಾಗಿ ಹೇಳಿ ಬರೆದುಕೊಟ್ಟರೆ ಮನೆಯಲ್ಲಿ ಒಂದು ದೊಡ್ಡ ಕಲಹ ತಪ್ಪುತ್ತದೆ. ಇದೇ ಕಾರಣಕ್ಕೆ ಸಂಗಾತಿಯೊಡನೆ ಬೇರೆಯಾಗಿ ಮಾತನಾಡಬೇಕೆಂದು ನಾನು ಕೇಳುತ್ತಿರುವುದು. ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಇವಳು ಈಚೆಗೆ ಹೀಗೆಲ್ಲ ವರ್ತಿಸುತ್ತಾಳೆ ಎಂದು ಯಾವ ಗಂಡನೂ ನೆಮ್ಮದಿಯಿಂದ ಹೇಳಲಾರ. ರೋಗಿಯ ಒಪ್ಪಿಗೆ ಪಡೆದು, ಗುಟ್ಟೆನಿಸದಂತೆ ಇದನ್ನು ನಡೆಸುವುದು ಸಾಧ್ಯವಿದೆ. ಒಳ್ಳೆಯ ದಾದಿಯರಿಗೆ ಅದು ಗೊತ್ತು.

ಬದಲಾವಣೆಗಳೆಲ್ಲ ಗೆಡ್ಡೆಯಿಂದಲೇ ಬರುವುದಿಲ್ಲ, ಔಷಧಗಳೂ ತಮ್ಮ ಪಾಲು ಕೊಡುತ್ತವೆ. ಮೆದುಳಿನ ಊತವನ್ನು ಇಳಿಸಲು 1961ರಿಂದ ಬಳಕೆಯಲ್ಲಿರುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಒಂದೆರಡು ದಿನಗಳಲ್ಲೇ ತಲೆನೋವನ್ನೂ ನಿಶ್ಶಕ್ತಿಯನ್ನೂ ಗಮನಾರ್ಹವಾಗಿ ಕಡಿಮೆ ಮಾಡಬಲ್ಲದು. ಅದೇ ಔಷಧ ನಿದ್ರೆ ಕೆಡಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಮುಖವನ್ನು ದುಂಡಗಾಗಿಸುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಕೆಲವರಲ್ಲಿ ವಿಪರೀತ ಉತ್ಸಾಹವನ್ನೋ ಸಿಟ್ಟನ್ನೋ ಸಂಶಯವನ್ನೋ ತರುತ್ತದೆ. ವಾರಗಟ್ಟಲೆ ತೆಗೆದುಕೊಂಡರೆ ತೊಡೆಯ ಸ್ನಾಯುಗಳು ಸೊರಗಿ ಕುರ್ಚಿಯಿಂದ ಏಳುವುದೇ ಕಷ್ಟವಾಗುತ್ತದೆ; ಮನೆಯವರು ಗೆಡ್ಡೆ ಮರುಕಳಿಸಿತೆಂದು ನಡುಗುತ್ತಾರೆ. ಕೊನೆಯ ಗುಳಿಗೆಯನ್ನು ಮಧ್ಯಾಹ್ನದೊಳಗೆ ಮುಗಿಸುವಂತೆ ವೈದ್ಯರು ಹೊಂದಿಸಿಕೊಟ್ಟರೆ ರಾತ್ರಿ ನಿದ್ರೆ ಸುಧಾರಿಸುತ್ತದೆ. ತೊಂದರೆ ಕೊಡುತ್ತದೆಂದು ಅದನ್ನು ತಟ್ಟನೆ ನಿಲ್ಲಿಸುವುದು ಮಾತ್ರ ಅಪಾಯ, ಏಕೆಂದರೆ ದೇಹ ತಾನೇ ಸ್ಟೆರಾಯ್ಡ್ ತಯಾರಿಸುವುದನ್ನು ಅಷ್ಟರಲ್ಲಿ ಕಡಿಮೆ ಮಾಡಿಬಿಟ್ಟಿರುತ್ತದೆ. ಇನ್ನು ಫಿಟ್ಸ್ ತಡೆಯಲು ವ್ಯಾಪಕವಾಗಿ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು, ಆಕ್ರಮಣಶೀಲತೆ, ಖಿನ್ನತೆಗಳನ್ನು ಉಂಟುಮಾಡುತ್ತದೆ. ನಮ್ಮ ಮನೆಯಲ್ಲಿ ಸಣ್ಣ ಮಾತಿಗೂ ಕೂಗಾಟವಾಗುತ್ತಿದ್ದ ಕಾಲವೊಂದಿತ್ತು. ವೈದ್ಯರಿಗೆ ವಿವರಿಸಿದಾಗ ಅವರು ಔಷಧವನ್ನು ಬದಲಿಸಿದರು, ಕೂಗಾಟ ನಿಂತಿತು. ಈ ಪರಿಣಾಮ ಔಷಧದ ಪೊಟ್ಟಣದೊಳಗಿನ ಕಾಗದದಲ್ಲಿ ಅಚ್ಚಾಗಿರುವಂಥದ್ದೇ. ಒಂದು ವಾಕ್ಯದಲ್ಲಿ ಮೊದಲೇ ಹೇಳಿದ್ದರೆ ಎರಡು ಕಡೆಯೂ ಎಷ್ಟೋ ಕಣ್ಣೀರು ಉಳಿಯುತ್ತಿತ್ತು.

ಫಿಟ್ಸ್ ಬಂದಾಗ ಏನು ಮಾಡಬೇಕೆಂಬುದನ್ನೂ ಮನೆಗೆ ಕಳುಹಿಸುವ ಮುನ್ನ ಮಾಡಿ ತೋರಿಸಬೇಕು. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿಕೊಳ್ಳುವುದು. ಅದುಮಿ ಹಿಡಿಯಬಾರದು, ಬಾಯೊಳಗೆ ಏನನ್ನೂ ತುರುಕಬಾರದು. ಐದು ನಿಮಿಷ ಮೀರಿದರೆ ಅಥವಾ ಒಂದರ ಹಿಂದೆ ಒಂದು ಬಂದರೆ ತುರ್ತು ಚಿಕಿತ್ಸೆಗೆ ಕರೆಯಬೇಕು. ಫಿಟ್ಸ್ ನಿಂತ ಮೇಲೆ ಒಂದು ಕೈ ಅಥವಾ ಕಾಲು ಕೆಲವು ಗಂಟೆಗಳ ಕಾಲ ಬಲಹೀನವಾಗಿರಬಹುದು, ಬಳಿಕ ಮರಳಬಹುದು ಎಂಬುದು ಮೊದಲೇ ಗೊತ್ತಿದ್ದರೆ ಪಾರ್ಶ್ವವಾಯು ಹೊಡೆಯಿತೆಂಬ ಭಯ ಅರ್ಧಕ್ಕಿಳಿಯುತ್ತದೆ; ಆದರೂ ಹೊಸದಾಗಿ ಕಂಡರೆ ವೈದ್ಯರಿಗೆ ತಿಳಿಸಲೇಬೇಕು. ಮೆದುಳಿನ ಗೆಡ್ಡೆಯವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಹಾಗಾಗಿ ಒಂದೇ ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಕೀಮೊ ನಡೆಯುವಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ.

ವಿಕಿರಣದ ವಾರಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಮುಖದ ಅಚ್ಚಿಗೆ ಸರಿಯಾಗಿ ಕೂರುವ ಮುಖವಾಡವನ್ನು ಮೇಜಿಗೆ ಬಿಗಿಯುವುದು ಕೆಲವರಿಗೆ ಹಿಂಸೆಯೆನಿಸುತ್ತದೆ. ವಿಕಿರಣ ಮಾತ್ರ ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹೇಳಬೇಕಾದದ್ದು ಅದರ ನಂತರದ್ದು. ಚಿಕಿತ್ಸೆ ಮುಗಿಯಿತೆಂದು ಎಲ್ಲರೂ ಸಂಭ್ರಮಿಸುವ ಹೊತ್ತಿಗೆ ಸುಸ್ತು ಇಳಿಯುವ ಬದಲು ಏರುತ್ತದೆ. ಮುಗಿದ ಕೆಲವು ವಾರಗಳಿಗೆ ದಿನದ ಹೆಚ್ಚು ಹೊತ್ತು ನಿದ್ರೆಯಲ್ಲೇ ಕಳೆಯುವವರಿದ್ದಾರೆ. ಇದು ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ, ಆದರೆ ಮೊದಲೇ ಕೇಳಿ ತಿಳಿಯದವರ ಪಾಲಿಗೆ ಅದು ಕೊನೆಯ ಆರಂಭದಂತೆ ಕಾಣುತ್ತದೆ. ಹಾಗೆಯೇ ವಿಕಿರಣ ಮುಗಿದ ಮೊದಲ ಮೂರು ತಿಂಗಳ ಎಂಆರ್‌ಐ ಚಿತ್ರದಲ್ಲಿ ಗೆಡ್ಡೆ ಬೆಳೆದಂತೆ ಕಾಣಿಸಿ, ಮುಂದಿನ ಚಿತ್ರಗಳಲ್ಲಿ ಅದು ಚಿಕಿತ್ಸೆಯ ಪರಿಣಾಮವಷ್ಟೇ ಎಂದು ತಿಳಿದುಬರುವುದುಂಟು. ವರದಿಯ ಸಾಲುಗಳನ್ನು ವೈದ್ಯರಿಗಿಂತ ಮೊದಲೇ ಮೊಬೈಲಿನಲ್ಲಿ ಓದಿಬಿಡುವ ಈ ಕಾಲದಲ್ಲಿ ಇಂಥ ಸಾಧ್ಯತೆ ಇದೆಯೆಂದು ಸಂಗಾತಿಗೆ ತಿಳಿದಿರುವುದು ಒಳ್ಳೆಯದು. ಎರಡು ಮೂರು ತಿಂಗಳಿಗೊಮ್ಮೆ ಬರುವ ಸ್ಕ್ಯಾನಿನ ಹಿಂದಿನ ವಾರ ಮನೆಯಲ್ಲಿ ಯಾರಿಗೂ ನಿದ್ರೆಯಿರುವುದಿಲ್ಲ ಎಂಬುದನ್ನು ಈ ಹಾದಿಯಲ್ಲಿ ನಡೆದವರಿಗೆ ಹೇಳಬೇಕಿಲ್ಲ.

ಪುನಶ್ಚೇತನದ ವಿಷಯಕ್ಕೆ ಬರುತ್ತೇನೆ, ನನ್ನ ಮುಖ್ಯ ತಕರಾರು ಇರುವುದೂ ಇಲ್ಲೇ. ಪಾರ್ಶ್ವವಾಯು ಹೊಡೆದವರಿಗೆ ಫಿಸಿಯೊಥೆರಪಿ, ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿಗಳನ್ನು ಬರೆದುಕೊಡುವುದು ಈಗ ವಾಡಿಕೆ. ಅದೇ ರೀತಿಯ ಕೈಕಾಲಿನ ಬಲಹೀನತೆ, ಅದೇ ರೀತಿಯ ಮಾತಿನ ತೊಂದರೆ ಗೆಡ್ಡೆಯಿಂದ ಬಂದಾಗ, ಕಾಯಿಲೆ ಹೇಗೂ ಮತ್ತೆ ಬರುವುದಲ್ಲವೇ ಎಂಬ ಬಾಯಿಬಿಟ್ಟು ಹೇಳದ ತರ್ಕವೊಂದು ಅಡ್ಡ ಬರುತ್ತದೆ. ಆಸ್ಪತ್ರೆಯಲ್ಲೇ ಇದ್ದು ಪುನಶ್ಚೇತನ ಪಡೆದ ಮೆದುಳಿನ ಗೆಡ್ಡೆಯ ರೋಗಿಗಳು ಪಾರ್ಶ್ವವಾಯುವಿನ ರೋಗಿಗಳಿಗೆ ಸರಿಸಮನಾದ ಪ್ರಗತಿಯನ್ನು ತೋರುತ್ತಾರೆಂದು 1990ರ ದಶಕದಿಂದಲೂ ಅಧ್ಯಯನಗಳು ಹೇಳುತ್ತಿವೆ. ಆಯುಸ್ಸು ಕಡಿಮೆಯಿದ್ದಷ್ಟೂ, ಸ್ವತಃ ಸ್ನಾನದ ಕೋಣೆಗೆ ನಡೆದು ಹೋಗಬಲ್ಲ ಒಂದೊಂದು ತಿಂಗಳಿಗೂ ಬೆಲೆ ಹೆಚ್ಚು. ಒಬ್ಬ ರೋಗಿ ಎಷ್ಟು ಕಾಲ ಬದುಕುತ್ತಾರೆಂಬ ಅಂದಾಜಿನ ಮೇಲೆ ಅವರು ಮಾತು ಮರಳಿ ಪಡೆಯಲು ಅರ್ಹರೋ ಅಲ್ಲವೋ ಎಂದು ತೀರ್ಮಾನಿಸುವುದು ಯಾವ ನ್ಯಾಯ?

ಈ ಚಿಕಿತ್ಸೆಗಳು ಮಾಡುವುದೇನೆಂಬುದೂ ಜನರಿಗೆ ಅಷ್ಟಾಗಿ ತಿಳಿದಿಲ್ಲ. ಫಿಸಿಯೊಥೆರಪಿ ಎಂದರೆ ಕೈಕಾಲು ಆಡಿಸುವುದು ಎಂದಷ್ಟೇ ತಿಳಿದವರು, ಬಲಹೀನವಾದ ತೋಳನ್ನು ಹಿಡಿದೆಳೆದು ಎಬ್ಬಿಸಿದರೆ ಭುಜದ ಕೀಲು ಜಾರಬಹುದೆಂಬುದನ್ನು ಅರಿಯರು. ಎಬ್ಬಿಸುವಾಗ ಎಲ್ಲಿ ನಿಲ್ಲಬೇಕು, ಎಲ್ಲಿ ಹಿಡಿಯಬೇಕು, ತಮ್ಮ ಬೆನ್ನನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಸಂಗಾತಿ ಥೆರಪಿಸ್ಟರ ಕಣ್ಣೆದುರೇ ಮಾಡಿ ಕಲಿಯಬೇಕು, ಓದಿ ಕಲಿಯುವಂಥದ್ದಲ್ಲ. ಆಕ್ಯುಪೇಷನಲ್ ಥೆರಪಿಸ್ಟರು ಗುಂಡಿ ಹಾಕುವುದರಿಂದ ಹಿಡಿದು ಮಾತ್ರೆ ಡಬ್ಬಿ ತುಂಬುವವರೆಗಿನ ದಿನನಿತ್ಯದ ಕೆಲಸಗಳನ್ನು ಬಿಡಿಬಿಡಿಯಾಗಿ ಒಡೆದು ಮತ್ತೆ ಕಲಿಸುತ್ತಾರೆ. ಸ್ಪೀಚ್ ಥೆರಪಿಯಲ್ಲಿ ಸಂಗಾತಿಯ ಪಾಲು ಅರ್ಧಕ್ಕಿಂತ ಹೆಚ್ಚು ಎಂದರೂ ತಪ್ಪಲ್ಲ. ಟಿವಿ ಆರಿಸಿ ಎದುರಿಗೆ ಕೂರುವುದು, ಚಿಕ್ಕ ವಾಕ್ಯದಲ್ಲಿ ಕೇಳುವುದು, ಉತ್ತರಕ್ಕೆ ಕಾಯುವುದು, ಪದವನ್ನು ತಕ್ಷಣ ನಾವೇ ತುಂಬದಿರುವುದು, ಬೆರಳು ತೋರಿಸಿದರೂ ಚಿತ್ರ ಬರೆದರೂ ಅದನ್ನು ಮಾತೆಂದೇ ಸ್ವೀಕರಿಸುವುದು. ಕಾಯುವುದು ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು. ಮಾತು ಹೊರಡದವರು ಹಾಡಿನ ಸಾಲನ್ನು ಸರಾಗವಾಗಿ ಹಾಡುವುದನ್ನು ಕಂಡು ನಾವೆಲ್ಲ ಬೆರಗಾಗಿದ್ದೆವು. ರಾಗದ ಆಸರೆಯಲ್ಲಿ ಮಾತನ್ನು ಮರಳಿಸುವ ಪದ್ಧತಿಯೇ ಇದೆಯೆಂದು ಆಮೇಲೆ ತಿಳಿಯಿತು. ಎಲ್ಲರಿಗೂ ಅದು ಒಗ್ಗುವುದಿಲ್ಲವಂತೆ, ನಮಗೆ ಕೆಲವು ಪದಗಳನ್ನಾದರೂ ಕೊಟ್ಟಿತು.

ಇಲ್ಲೊಂದು ಎಚ್ಚರಿಕೆಯೂ ಬೇಕು. ಮನೆಯಲ್ಲಿ ಅಭ್ಯಾಸ ಮಾಡಿಸುವ ಹೊಣೆಯೆಲ್ಲ ಸಂಗಾತಿಯ ಮೇಲೆ ಬಿದ್ದಾಗ ಅವರು ಸಂಗಾತಿಯಾಗಿ ಉಳಿಯುವುದೇ ಕಷ್ಟವಾಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ತಿದ್ದುವ, ನೆನಪಿಸುವ, ಎಬ್ಬಿಸುವ, ಮಾತ್ರೆ ನುಂಗಿಸುವ ವ್ಯಕ್ತಿಯನ್ನು ಯಾರು ತಾನೇ ಪ್ರೀತಿಯಿಂದ ನೋಡಿಯಾರು? ಅಭ್ಯಾಸಕ್ಕೆ ದಿನದಲ್ಲಿ ಗೊತ್ತಾದ ಹೊತ್ತಿರಲಿ, ಸಾಧ್ಯವಿದ್ದಲ್ಲಿ ಅದನ್ನು ಇನ್ನೊಬ್ಬರು ಮಾಡಿಸಲಿ, ಉಳಿದ ಹೊತ್ತು ಪದ ತಪ್ಪಿದರೂ ತಿದ್ದದೆ ಗಂಡಹೆಂಡಿರಾಗಿ ಇರಿ ಎಂದು ನಮ್ಮ ಥೆರಪಿಸ್ಟರು ಹೇಳಿದ ಮಾತು ಯಾವ ವ್ಯಾಯಾಮಕ್ಕಿಂತಲೂ ಹೆಚ್ಚು ಉಪಕಾರ ಮಾಡಿತು. ದಾಂಪತ್ಯದ ಆಪ್ತತೆಯ ವಿಷಯವನ್ನು ಯಾವ ವೈದ್ಯರೂ ತಾವಾಗಿ ಎತ್ತುವುದಿಲ್ಲ, ರೋಗಿಗಳು ಸಂಕೋಚದಿಂದ ಕೇಳುವುದಿಲ್ಲ. ಪಕ್ಕದಲ್ಲಿ ಮಲಗಿರುವವರು ಅದೇ ವ್ಯಕ್ತಿಯಾಗಿದ್ದೂ ಅದೇ ವ್ಯಕ್ತಿಯಲ್ಲವೆನಿಸುವ ಏಕಾಂತವನ್ನು ಹೇಳಿಕೊಳ್ಳಲು ಒಂದು ಜಾಗವಾದರೂ ಬೇಡವೇ? ಬದುಕಿರುವವರಿಗಾಗಿ ದುಃಖಿಸುವುದು ಅಪರಾಧವೆಂಬಂತೆ ಸಂಗಾತಿಗಳು ಬಾಯಿ ಮುಚ್ಚಿಕೊಂಡಿರುತ್ತಾರೆ.

ಗಂಡಸಾಗಿ ನಾನು ಬರೆಯಲೇಬೇಕಾದ ಇನ್ನೊಂದು ಮಾತಿದೆ. ಗಂಭೀರ ಕಾಯಿಲೆಯಿದ್ದ 515 ವಿವಾಹಿತ ರೋಗಿಗಳನ್ನು, ಅವರಲ್ಲಿ ಮೆದುಳಿನ ಮಾರಕ ಗೆಡ್ಡೆಯವರೂ ಸೇರಿದಂತೆ, ಗಮನಿಸಿದ ಅಧ್ಯಯನವೊಂದು ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾಯಿತು. ಒಟ್ಟಾರೆ ಶೇ 11.6ರಷ್ಟು ಮಂದಿ ಬೇರೆಯಾದರು ಅಥವಾ ವಿಚ್ಛೇದನ ಪಡೆದರು. ರೋಗಿ ಹೆಂಡತಿಯಾಗಿದ್ದಾಗ ಆ ಪ್ರಮಾಣ ಶೇ 20.8, ರೋಗಿ ಗಂಡನಾಗಿದ್ದಾಗ ಕೇವಲ ಶೇ 2.9. ದಾಂಪತ್ಯ ಹಳೆಯದಾಗಿದ್ದಷ್ಟೂ ಅದು ಉಳಿದುಕೊಂಡ ಸಂಭವ ಹೆಚ್ಚಿತ್ತು. ಸಂಗಾತಿ ಬಿಟ್ಟುಹೋದ ರೋಗಿಗಳು ಹೆಚ್ಚು ಬಾರಿ ಆಸ್ಪತ್ರೆ ಸೇರಿದರು, ವಿಕಿರಣ ಚಿಕಿತ್ಸೆಯನ್ನು ಪೂರ್ಣಗೊಳಿಸಿದ್ದು ಕಡಿಮೆ, ಮನೆಯಲ್ಲಿ ಕೊನೆಯುಸಿರೆಳೆದದ್ದೂ ಕಡಿಮೆ. ಗಂಡಸರು ಕಟುಕರೆಂದು ಇದರಿಂದ ತೀರ್ಮಾನಿಸಿ ಕೈತೊಳೆದುಕೊಳ್ಳುವುದು ಸುಲಭ. ಬಾಲ್ಯದಿಂದಲೂ ಆರೈಕೆಯ ಕೆಲಸವನ್ನು ಮಾಡಿ ಅಭ್ಯಾಸವಿಲ್ಲದ, ಸಹಾಯ ಕೇಳುವುದನ್ನು ಅವಮಾನವೆಂದು ತಿಳಿದ ಗಂಡಸಿನ ಕೈಗೆ ಮಾತ್ರೆಗಳ ಚೀಟಿಯೊಂದನ್ನು ಮಾತ್ರ ಕೊಟ್ಟು ಕಳುಹಿಸುವುದರಲ್ಲಿ ವ್ಯವಸ್ಥೆಯ ಪಾಲೂ ಇದೆಯೆಂದು ನನ್ನ ಅಭಿಪ್ರಾಯ. ಬಿಟ್ಟುಹೋಗುವವರಿಗೆ ಇದು ಸಮರ್ಥನೆಯಲ್ಲ. ಸಂಗಾತಿಯ ತಾಳಿಕೆಯ ಮೇಲೆ ವಿಕಿರಣ ಚಿಕಿತ್ಸೆ ಪೂರ್ಣವಾಗುವುದೂ ನಿಂತಿರುವಾಗ, ಸಂಗಾತಿಯ ಸ್ಥಿತಿಯನ್ನು ವಿಚಾರಿಸುವುದು ದಾಕ್ಷಿಣ್ಯದ ಮಾತಾಗಿ ಉಳಿಯಬಾರದು ಎಂಬುದಷ್ಟೇ ನನ್ನ ವಾದ.

ಬಂಧುಮಿತ್ರರ ಬಗ್ಗೆ ಒಂದೇ ಮಾತು: ಏನಾದರೂ ಬೇಕಿದ್ದರೆ ಹೇಳಿ ಎನ್ನುವವರಿಗಿಂತ, ಪ್ರತಿ ಗುರುವಾರ ಮಧ್ಯಾಹ್ನ ಎರಡು ಗಂಟೆ ನಾನು ಬಂದು ಕೂರುತ್ತೇನೆ, ನೀವು ಹೊರಗೆ ಹೋಗಿ ಬನ್ನಿ ಎನ್ನುವವರು ನಿಜವಾಗಿ ನೆರವಾಗುತ್ತಾರೆ.

ಉಪಶಾಮಕ ಚಿಕಿತ್ಸೆಯನ್ನು ಸಾವಿನ ಹೊಸ್ತಿಲಿನಲ್ಲಿ ಮಾತ್ರ ನೆನೆಯುವ ರೂಢಿಯೂ ಬದಲಾಗಬೇಕು. ನೋವು, ನಿದ್ರೆ, ಗೊಂದಲ, ಮನೆಯವರ ದಣಿವು ಇವುಗಳನ್ನು ನಿಭಾಯಿಸುವ ಆ ತಂಡ ಚಿಕಿತ್ಸೆಯ ಮೊದಲ ದಿನಗಳಿಂದಲೇ ಜೊತೆಗಿರಬಲ್ಲದು. ಅದನ್ನು ಕರೆಸುವುದೆಂದರೆ ಕೈಚೆಲ್ಲುವುದಲ್ಲ. ಮೆದುಳಿನ ಕ್ಯಾನ್ಸರ್‌ನಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಮುಂದೆ ಕಾಯಿಲೆ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಎಲ್ಲಿರಬೇಕು, ತನ್ನ ಪರವಾಗಿ ಯಾರು ತೀರ್ಮಾನ ಹೇಳಬೇಕು ಎಂಬುದನ್ನು ರೋಗಿ ತಾನೇ ಹೇಳಬಲ್ಲ ಕಾಲ ಇಲ್ಲಿ ಬೇಗ ಮುಗಿದುಹೋಗಬಹುದು. ಅಪಶಕುನವೆಂದು ಆ ಮಾತನ್ನು ಮುಂದೂಡಿದರೆ, ಆಮೇಲೆ ಊಹೆಯಿಂದ ಸಹಿ ಹಾಕುವ ಭಾರವೂ ಸಂಗಾತಿಯದೇ. ನಾವಿಬ್ಬರೂ ಆ ಮಾತನ್ನು ಆಡಿದ್ದೇವೆ, ಬರೆದೂ ಇಟ್ಟಿದ್ದೇವೆ. ಆಡಿದ ದಿನ ಇಬ್ಬರೂ ಅತ್ತದ್ದು ನಿಜ. ಆ ಬಳಿಕ ಇಬ್ಬರಿಗೂ ಸರಿಯಾಗಿ ನಿದ್ರೆ ಬಂದದ್ದೂ ನಿಜ.

ಇದಕ್ಕೆಲ್ಲ ದುಬಾರಿ ಯಂತ್ರಗಳೇನೂ ಬೇಕಿಲ್ಲ. ಗೆಡ್ಡೆಯಿರುವ ಜಾಗದಿಂದಲೂ ಕೊಡುತ್ತಿರುವ ಔಷಧಗಳಿಂದಲೂ ಯಾವ ಬದಲಾವಣೆಗಳನ್ನು ನಿರೀಕ್ಷಿಸಬಹುದು, ಅವುಗಳಲ್ಲಿ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕೂಡಲೇ ಬರಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಪುಟವನ್ನು ಸಂಗಾತಿಯ ಕೈಗೆ ಕೊಡಲಿ. ಪುನಶ್ಚೇತನ ಬೇಕೇ ಎಂಬ ಪರೀಕ್ಷೆಯನ್ನು ಶಸ್ತ್ರಚಿಕಿತ್ಸೆಯಾದ ವಾರದಲ್ಲೇ ಮಾಡಿ, ವಿಕಿರಣ ಮುಗಿದ ಮೇಲೆ ಮತ್ತೊಮ್ಮೆ ಮಾಡಲಿ, ಏಕೆಂದರೆ ಆ ಎರಡು ಹೊತ್ತಿನ ಅಗತ್ಯಗಳು ಬೇರೆ ಬೇರೆ. ಸಂದೇಹ ಬಂದಾಗ ಕರೆ ಮಾಡಲು ಗೊತ್ತಾದ ಒಬ್ಬ ದಾದಿಯ ಸಂಖ್ಯೆಯಿರಲಿ. ಪ್ರತಿ ಭೇಟಿಯಲ್ಲೂ ರೋಗಿಯ ರಕ್ತದ ಎಣಿಕೆ ನೋಡಿದ ಮೇಲೆ, ನೀವು ಹೇಗಿದ್ದೀರಿ, ನಿದ್ರೆ ಮಾಡುತ್ತಿದ್ದೀರಾ ಎಂದು ಪಕ್ಕದ ಕುರ್ಚಿಯವರನ್ನೂ ಕೇಳಿ, ಉತ್ತರವನ್ನು ಕಡತದಲ್ಲಿ ಬರೆದುಕೊಳ್ಳಲಿ.

ನಿಮ್ಮ ಪತ್ರಿಕೆಯಿಂದಲೂ ಒಂದು ಸಹಾಯವಾಗಬಹುದು. ಆರೋಗ್ಯದ ಪುಟದಲ್ಲಿ ಶಸ್ತ್ರಚಿಕಿತ್ಸಕರ ಲೇಖನಗಳ ಜೊತೆಗೆ ಸ್ಪೀಚ್ ಥೆರಪಿಸ್ಟರು, ಆಕ್ಯುಪೇಷನಲ್ ಥೆರಪಿಸ್ಟರು, ನರಮನಶ್ಶಾಸ್ತ್ರಜ್ಞರು ಮತ್ತು ಕ್ಯಾನ್ಸರ್ ವಿಭಾಗದ ದಾದಿಯರು ಬರೆಯುವ ಲೇಖನಗಳನ್ನೂ ನಿಯಮಿತವಾಗಿ ಪ್ರಕಟಿಸಿ, ಆರೈಕೆ ಮಾಡುವ ಮನೆಯವರ ಪ್ರಶ್ನೆಗಳಿಗೆ ಅವರಿಂದ ಉತ್ತರ ಕೊಡಿಸಬೇಕೆಂದು ವಿನಂತಿಸುತ್ತೇನೆ. ಪ್ರಶ್ನೆ ಕೇಳುವವರು ಹೆಸರು ಹೇಳಲು ಹಿಂಜರಿಯುವುದು ಸಹಜವಾದ್ದರಿಂದ ಹೆಸರಿಲ್ಲದ ಪತ್ರಗಳಿಗೂ ಅಲ್ಲಿ ಅವಕಾಶವಿರಲಿ. ಮೊದಲ ಪ್ರಶ್ನೆಗಳನ್ನು ಕಳುಹಿಸಲು ನಾನು ಸಿದ್ಧನಿದ್ದೇನೆ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗ